ಜಾಹೀರಾತಿನ ಕುರ್ಚಿ ಕೌಂಟರಿನ ಹಿಂದಕ್ಕೂ ಬರಲಿ: ಕರಾವಳಿಯ ಜವಳಿ ಮಳಿಗೆಗಳ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಂಗಳೂರು ಮತ್ತು ಉಡುಪಿಯ ಜವಳಿ, ಚಿನ್ನದ ಮಳಿಗೆಗಳ ಮಾಲೀಕರಿಗೆ ಹಾಗೂ ಅವರಿಗೆ ಜಾಹೀರಾತು ಮಾಡಿಕೊಡುವವರಿಗೆ,

ಮಾನ್ಯರೇ,

ನಮಸ್ಕಾರ. ನಾನು 2011ರಿಂದ 2022ರವರೆಗೆ ಮಂಗಳೂರಿನ ಒಂದು ದೊಡ್ಡ ಜವಳಿ ಮಳಿಗೆಯ ಸೀರೆ ವಿಭಾಗದಲ್ಲಿ ಸೇಲ್ಸ್ ಕೆಲಸ ಮಾಡಿದವಳು. ಈಗ ತೊಕ್ಕೊಟ್ಟಿನಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಯಾವ ಮಳಿಗೆ ಎಂದು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆಗಿದ್ದ ಹೆಂಗಸರು ಇನ್ನೂ ಅಲ್ಲೇ ದುಡಿಯುತ್ತಿದ್ದಾರೆ, ಈ ಪತ್ರದಿಂದ ಅವರ ಕೆಲಸಕ್ಕೆ ಕುತ್ತು ಬರಬಾರದು. ಅಲ್ಲದೆ ನಾನು ಹೇಳಹೊರಟಿರುವುದು ಒಂದೇ ಅಂಗಡಿಯ ಸಂಗತಿಯಲ್ಲ. ಬೇರೆ ಬೇರೆ ಮಳಿಗೆಗಳ ಹೆಂಗಸರೆಲ್ಲ ರಾತ್ರಿ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಒಂದೇ ಬಸ್ಸು ಹತ್ತುತ್ತಿದ್ದೆವು. ಒಬ್ಬರ ಪಾಡು ಇನ್ನೊಬ್ಬರಿಗೆ ಗೊತ್ತಿತ್ತು.

ಈ ವರ್ಷ ಮಹಿಳಾ ದಿನಕ್ಕೆ ಎರಡು ದಿನ ಇರುವಾಗ ಲೈನಿಂಗ್ ಬಟ್ಟೆ ತರಲೆಂದು ಮಂಗಳೂರಿಗೆ ಹೊರಟಿದ್ದೆ. ಪಂಪ್‌ವೆಲ್‌ನಲ್ಲಿ ಬಸ್ಸು ಎಂದಿನಂತೆ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಕೊಂಡಿತು. ಕಿಟಕಿಯ ಎದುರಿಗೇ ಒಂದು ದೊಡ್ಡ ಹೋರ್ಡಿಂಗ್. ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದ ಹುಡುಗಿಯೊಬ್ಬಳು ಕೈ ಇರುವ ಹಳೇ ಕಾಲದ ಮರದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾಳೆ. ಪಕ್ಕದಲ್ಲಿ ಅವಳ ಅಪ್ಪನೂ ಅಣ್ಣನೂ ನಿಂತಿದ್ದಾರೆ. ಮೇಲೆ ‘ಅವಳ ಸ್ಥಾನ ಅವಳಿಗೆ’ ಎಂದು ಬರೆದಿದೆ. ನಾನು ದುಡಿದ ಮಳಿಗೆಯದ್ದಲ್ಲ, ಅಂಥದ್ದೇ ಇನ್ನೊಂದರದ್ದು. ಚಿತ್ರ ಚೆನ್ನಾಗಿತ್ತು. ಮನೆಯ ಗಂಡಸರ ನಡುವೆ ಹೆಣ್ಣೊಬ್ಬಳು ಅಷ್ಟು ನಿರಾಳವಾಗಿ ಕೂತದ್ದನ್ನು ಅಷ್ಟೆತ್ತರದಲ್ಲಿ ತೋರಿಸಿದ್ದು ನನಗೆ ಇಷ್ಟವಾಯಿತು. ಆದರೆ ಬಸ್ಸು ಹೊರಡುವವರೆಗೂ ನನ್ನ ಕಣ್ಣು ಇದ್ದದ್ದು ಆ ಕುರ್ಚಿಯ ಮೇಲೆ. ಹನ್ನೊಂದು ವರ್ಷ ಸೀರೆ ತೋರಿಸಿದ ನನಗೆ ಕೂರಲು ಒಂದು ಸ್ಟೂಲ್ ಇರಲಿಲ್ಲ.

ಇಂಥ ಜಾಹೀರಾತುಗಳು ಬೇಡ ಎಂದು ಹೇಳಲು ನಾನು ಬರೆಯುತ್ತಿಲ್ಲ. ‘ಎಲ್ಲ ವ್ಯಾಪಾರಕ್ಕೆ ಮಾಡುವ ನಾಟಕ’ ಎನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ, ಏಕೆಂದರೆ ಒಂದು ಜಾಹೀರಾತು ನನ್ನ ಮನೆಯಲ್ಲೇ ಕೆಲಸ ಮಾಡಿದೆ. 2016ರಲ್ಲಿ ಏರಿಯಲ್ ಸಾಬೂನು ಪುಡಿಯ ಒಂದು ಜಾಹೀರಾತು ಬಂದಿತ್ತು. ಮಗಳು ಕಚೇರಿಯಿಂದ ಬಂದವಳೇ ಫೋನಿನಲ್ಲಿ ಮಾತಾಡುತ್ತ, ಅಡುಗೆ ಮಾಡುತ್ತ, ಮಗುವನ್ನು ನೋಡಿಕೊಳ್ಳುತ್ತ, ಟಿವಿ ಎದುರು ಕೂತ ಗಂಡನಿಗೆ ಚಹಾ ಕೊಡುತ್ತಾಳೆ. ಅವಳ ಮನೆಗೆ ಬಂದಿದ್ದ ಅಪ್ಪ ಅದನ್ನೆಲ್ಲ ನೋಡಿ, ‘ನಿನ್ನ ಅಮ್ಮನಿಗೆ ನಾನು ಯಾವತ್ತೂ ಸಹಾಯ ಮಾಡಲಿಲ್ಲ, ನೀನು ಕಲಿತದ್ದೂ ಅದನ್ನೇ’ ಎಂಬ ಅರ್ಥದಲ್ಲಿ ಕ್ಷಮೆ ಕೇಳಿ ಕಾಗದ ಬರೆದಿಟ್ಟು ಹೋಗುತ್ತಾನೆ. ಊರಿಗೆ ಹೋಗಿ ತನ್ನ ಬಟ್ಟೆಯನ್ನು ತಾನೇ ಮೆಷಿನ್ನಿಗೆ ಹಾಕುತ್ತಾನೆ. ನಮ್ಮ ಬಸ್ಸಿನ ಹುಡುಗಿಯೊಬ್ಬಳ ಮೊಬೈಲಿನಲ್ಲಿ ನಾನದನ್ನು ಮೊದಲು ನೋಡಿದೆ. ಮನೆಗೆ ಬಂದು ನಮ್ಮ ಮನೆಯವರಿಗೆ ತೋರಿಸಿದೆ. ಅವರು ರಿಕ್ಷಾ ಓಡಿಸುತ್ತಾರೆ, ಮಾತು ಕಡಿಮೆ. ನೋಡಿ ಏನೂ ಹೇಳದೆ ಮೊಬೈಲ್ ವಾಪಸ್ ಕೊಟ್ಟರು.

ಮುಂದಿನ ಭಾನುವಾರ ಬೆಳಿಗ್ಗೆ ಬಾವಿಕಟ್ಟೆಯ ಕಡೆಯಿಂದ ಬಟ್ಟೆ ಸೆಳೆಯುವ ಸದ್ದು ಕೇಳಿತು. ನಮ್ಮಲ್ಲಿ ಆಗ ಮೆಷಿನ್ ಇರಲಿಲ್ಲ, ಒಗೆಯುವ ಕಲ್ಲು ಮಾತ್ರ. ಅವರು ಲುಂಗಿ ಮೇಲೆ ಕಟ್ಟಿಕೊಂಡು ತಮ್ಮ ಖಾಕಿ ಅಂಗಿಗಳನ್ನು ಒಗೆಯುತ್ತಿದ್ದರು. ಕಾಲರಿಗೆ ಬ್ರಶ್ ಹಾಕುವುದು ಗೊತ್ತಿಲ್ಲದೆ ಕೈಯಲ್ಲೇ ತಿಕ್ಕಿ ತಿಕ್ಕಿ ಬೆರಳು ಕೆಂಪಾಗಿತ್ತು. ಪಕ್ಕದ ಮನೆಯ ಬಾಯಮ್ಮ ಬೇಲಿಯಾಚೆ ನಿಂತು ನೋಡಿದರು. ಇವರು ತಲೆ ಎತ್ತಲಿಲ್ಲ, ನಿಲ್ಲಿಸಲೂ ಇಲ್ಲ. ಅಂದಿನಿಂದ ಇಂದಿನವರೆಗೆ ಮನೆಯ ಬಟ್ಟೆ ಅವರದ್ದೇ. ನಾನು ಎಷ್ಟು ವರ್ಷ ಹೇಳಿದ್ದರೂ ಆಗದ್ದು ಎರಡು ನಿಮಿಷದ ಒಂದು ಜಾಹೀರಾತಿನಿಂದ ಆಯಿತು. ಜಾಹೀರಾತಿಗೆ ಇಷ್ಟು ಬಲ ಇದೆ ಎಂದು ಗೊತ್ತಿರುವುದರಿಂದಲೇ ಅದನ್ನು ಮಾಡಿಸುವ ನಿಮ್ಮನ್ನು ಕೇಳುತ್ತಿದ್ದೇನೆ.

ನನ್ನ ಮನೆಯ ಅದೃಷ್ಟ ಎಲ್ಲರದ್ದಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಮನೆಮನೆಗಳಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ನಿಮ್ಮ ಕೌಂಟರಿನಲ್ಲಿ ನಿಂತಿರುವ ಹೆಂಗಸು ಬೆಳಿಗ್ಗೆ ಬರುವ ಮೊದಲೂ ರಾತ್ರಿ ಹೋದ ಮೇಲೂ ಮಾಡುವ ಕೆಲಸ ಅದು. ಅಷ್ಟು ಕಾಲವೂ ಅವಳು ನಿಂತೇ ಇರುತ್ತಾಳೆ.

ಹೆಣ್ಣಿನ ಪರವಾಗಿ ನಿಂತ ಜಾಹೀರಾತುಗಳು ಒಂದೆರಡಲ್ಲ. ಮಗಳು ಡಿಗ್ರಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಕಾಲೇಜಿನ ಪ್ರಾಜೆಕ್ಟಿಗೆ ಇವನ್ನೆಲ್ಲ ಒಟ್ಟು ಮಾಡುತ್ತಿದ್ದಾಗ ನಾನೂ ಪಕ್ಕದಲ್ಲಿ ಕೂತು ನೋಡಿದೆ. 2013ರಲ್ಲಿ ತನಿಷ್ಕ್‌ನವರು ಮಗಳಿರುವ ಹೆಂಗಸಿನ ಎರಡನೇ ಮದುವೆಯನ್ನು ತೋರಿಸಿದರು. ಮದುಮಗಳು ಕಪ್ಪು ಬಣ್ಣದವಳು. ಸಪ್ತಪದಿಯ ಹೊತ್ತಿಗೆ ಪುಟ್ಟ ಮಗಳು ತಾನೂ ಬರುತ್ತೇನೆ ಎಂದಾಗ ಮದುಮಗ ಅವಳನ್ನು ಎತ್ತಿಕೊಂಡೇ ತುಳಿಯುತ್ತಾನೆ. ಚಿನ್ನದ ಅಂಗಡಿಯ ಜಾಹೀರಾತೊಂದು ವಿಧವೆಯೋ ಗಂಡ ಬಿಟ್ಟವಳೋ ಎಂದು ಕೂಡ ಕೇಳದೆ ಅವಳಿಗೆ ಒಡವೆ ತೊಡಿಸಿದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು. ಕ್ಯಾಡ್‌ಬರಿಯವರ ಹಳೆಯ ಜಾಹೀರಾತು ನಿಮಗೂ ನೆನಪಿರಬಹುದು. ಹುಡುಗ ಸಿಕ್ಸರ್ ಹೊಡೆದಾಗ ಹುಡುಗಿ ಮೈದಾನಕ್ಕೆ ನುಗ್ಗಿ ಕುಣಿಯುವುದು. 2021ರಲ್ಲಿ ಅದನ್ನೇ ತಿರುಗಿಸಿ, ಹುಡುಗಿ ಬ್ಯಾಟ್ ಹಿಡಿದು ಹುಡುಗ ಕುಣಿದ. ತಪ್ಪಿದವೂ ಇವೆ. 2014ರಲ್ಲಿ ಏರ್‌ಟೆಲ್‌ನವರು ಕಚೇರಿಯಲ್ಲಿ ಗಂಡನಿಗೆ ಬಾಸ್ ಆಗಿರುವ ಹೆಂಡತಿಯನ್ನು ತೋರಿಸಿದರು. ಕೊನೆಗೆ ಅವಳೇ ಮನೆಗೆ ಹೋಗಿ, ತಡವಾಗಿ ಬರುವ ಅವನಿಗಾಗಿ ಅಡುಗೆ ಮಾಡುತ್ತಾಳೆ. ಆಗ ಅನೇಕರು ಅದನ್ನು ಪ್ರಶ್ನಿಸಿದರು.

ಬಣ್ಣದ ಮಾತು ಬಂದದ್ದರಿಂದ ಹೇಳುತ್ತೇನೆ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ಹೆಸರಿನಿಂದ ‘ಫೇರ್’ ಅನ್ನು ತೆಗೆಯಿತು. ಕಪ್ಪು ಮೈಯವರನ್ನು ಕೀಳಾಗಿ, ಸೋತವರಾಗಿ ತೋರಿಸಬಾರದು ಎಂದು ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಆಸ್ಕಿ ಎಂಬ ಮಂಡಳಿ 2014ರಲ್ಲೇ ನಿಯಮ ಮಾಡಿತ್ತು. ಆದರೂ ಯುನಿಸೆಫ್ ಮತ್ತು ಮಾಧ್ಯಮಗಳು ಹೆಣ್ಣನ್ನು ಹೇಗೆ ತೋರಿಸುತ್ತವೆ ಎಂದು ಅಧ್ಯಯನ ಮಾಡುವ ಜೀನಾ ಡೇವಿಸ್ ಸಂಸ್ಥೆಯವರು 2019ರ ಸಾವಿರಕ್ಕೂ ಹೆಚ್ಚು ಭಾರತೀಯ ಜಾಹೀರಾತುಗಳನ್ನು ನೋಡಿ 2021ರಲ್ಲಿ ಹೊರತಂದ ವರದಿಯಲ್ಲಿ, ಅವುಗಳಲ್ಲಿ ಕಾಣುವ ಹೆಣ್ಣುಗಳಲ್ಲಿ ಮೂರರಲ್ಲಿ ಎರಡು ಪಾಲು ಬಿಳಿ ಇಲ್ಲವೇ ತಿಳಿ ಬಣ್ಣದವರೇ. ಮಗಳು ಇದನ್ನು ಓದಿ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮಳಿಗೆಯಲ್ಲಿ ಮದುವೆ ಸೀರೆಯ ಕೌಂಟರು ಬಾಗಿಲಿಗೆ ಎದುರಾಗಿತ್ತು. ಅಲ್ಲಿಗೆ ಯಾರು ಎಂದು ಫ್ಲೋರ್ ಮ್ಯಾನೇಜರ್ ತೀರ್ಮಾನಿಸುವಾಗ ಕೆಲಸ ಎಷ್ಟು ಗೊತ್ತು ಎಂದು ಕೇಳುತ್ತಿರಲಿಲ್ಲ. ‘ಸ್ವಲ್ಪ ಬಣ್ಣ ಇರುವವರು ಮುಂದೆ ಇರಲಿ’ ಎನ್ನುತ್ತಿದ್ದರು. ಕಾಂಜೀವರಂ ಸೀರೆಯ ಜರಿಯನ್ನು ಮುಟ್ಟಿಯೇ ಅಸಲು ನಕಲು ಹೇಳಬಲ್ಲ ನನ್ನ ಜೊತೆಯವಳೊಬ್ಬಳು, ನಮ್ಮೆಲ್ಲರಿಗೂ ಕೆಲಸ ಕಲಿಸಿದವಳು, ಕೊನೆಯವರೆಗೂ ಹಿಂದಿನ ಮೂಲೆಯಲ್ಲಿ ಲಂಗದ ಬಟ್ಟೆ ಕತ್ತರಿಸುತ್ತಿದ್ದಳು. ಮದುವೆ ಕೌಂಟರಿನಲ್ಲಿ ಇನ್ಸೆಂಟಿವ್ ಹೆಚ್ಚು. ಬಣ್ಣಕ್ಕೂ ಸಂಬಳಕ್ಕೂ ಹೀಗೆ ಸಂಬಂಧ ಇತ್ತು.

ಈಗ ಆ ಕುರ್ಚಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಡ್ಯೂಟಿ ಬೆಳಿಗ್ಗೆ ಒಂಬತ್ತೂವರೆಗೆ ಶುರು. ರಾತ್ರಿ ಎಂಟೂವರೆಗೆ ಶಟರ್ ಅರ್ಧ ಇಳಿಸಿದ ಮೇಲೂ, ಗಿರಾಕಿ ಬಿಡಿಸಿ ಹಾಕಿದ ಸೀರೆಗಳನ್ನೆಲ್ಲ ಮಡಚಿ ಜೋಡಿಸಿಯೇ ಹೋಗಬೇಕು. ಮದುವೆ ಸೀಸನ್ನಿನಲ್ಲಿ ಒಂದು ಜವಳಿ ತಂಡ ಬಂದರೆ ನೂರು ಸೀರೆ ಬಿಡಿಸಬೇಕಾಗುತ್ತದೆ. ಬಾಗಿ ತೆಗೆ, ಎತ್ತಿ ಬಿಡಿಸು, ಹೆಗಲಿಗೆ ಹಾಕಿ ಸೆರಗು ತೋರಿಸು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವಂತಿಲ್ಲ. ಒರಗುವಂತೆಯೂ ಇಲ್ಲ. ಕ್ಯಾಮೆರಾದಲ್ಲಿ ಕಂಡರೆ ಫೈನ್. ಲಿಫ್ಟ್ ಗಿರಾಕಿಗಳಿಗೆ ಮಾತ್ರ, ನಾವು ಮೆಟ್ಟಿಲು ಹತ್ತಬೇಕು. ನಮ್ಮ ಟಾಯ್ಲೆಟ್ ಕೆಳಗೆ ಪಾರ್ಕಿಂಗಿನ ಹಿಂದೆ, ಅಲ್ಲಿಗೆ ಹೋಗಲು ಸೂಪರ್‌ವೈಸರನ್ನು ಕೇಳಬೇಕು. ಗಂಡಸಿನ ಹತ್ತಿರ ದಿನಕ್ಕೆ ಮೂರು ಸಲ ಕೇಳಲು ನಾಚಿಕೆಯಾಗಿ ಎಷ್ಟೋ ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅದರ ಫಲ ಉರಿಮೂತ್ರ. ನಮ್ಮ ಪೈಕಿ ಅದಕ್ಕೆ ಮಾತ್ರೆ ನುಂಗದವರು ಕಡಿಮೆ.

2017ರಲ್ಲಿ ನನ್ನ ಪಕ್ಕದ ಕೌಂಟರಿನ ಹುಡುಗಿ ಬಸುರಿ. ಆರು ತಿಂಗಳು ತುಂಬುವ ಹೊತ್ತು. ಅವತ್ತು ಒಂದು ಮನೆಯವರು ಸೀಮಂತಕ್ಕೆ ಸೀರೆ ತೆಗೆಯಲು ಬಂದಿದ್ದರು. ಅವರ ಮಗಳಿಗೂ ಆರೇ ತಿಂಗಳು. ಅವಳಿಗೆ ಕುರ್ಚಿ ಕೊಟ್ಟು, ಕುಡಿಯಲು ಎಳನೀರು ತರಿಸಿ, ಕಾಲ ಕೆಳಗೆ ಇನ್ನೊಂದು ಸಣ್ಣ ಮಣೆ ಇಟ್ಟರು. ಅದು ಸರಿಯೇ. ಎದುರಿಗೆ ನಮ್ಮವಳು ನಿಂತು ಹಸಿರು ಸೀರೆಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಹೊಟ್ಟೆಯ ಮೇಲೆ ಹಿಡಿದು, ನೆರಿಗೆ ಹೇಗೆ ಬೀಳುತ್ತದೆ ಎಂದು ತೋರಿಸಿದಳು. ಒಂದು ಗಂಟೆಯ ಮೇಲಾಯಿತು. ಅವಳ ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಗಿರಾಕಿ ಹೋದ ಮೇಲೆ ಸ್ಟಾಕ್ ರೂಮಿಗೆ ಹೋಗಿ ಇನ್ನೂ ಬಿಚ್ಚದ ಒಂದು ಸೀರೆ ಗಂಟಿನ ಮೇಲೆ ಕೂತಳು. ಐದು ನಿಮಿಷವೂ ಇರಲಿಕ್ಕಿಲ್ಲ. ಆ ಗಂಟು ‘ದೇವರ ಹಾಗೆ ನೋಡಬೇಕಾದ ಮಾಲು’ ಎಂದು ಹೇಳಿ ಅರ್ಧ ದಿನದ ಸಂಬಳ ಹಿಡಿದರು. ತಿಂಗಳು ಮುಗಿಯುವ ಮೊದಲೇ ಅವಳು ಕೆಲಸ ಬಿಟ್ಟಳು. ಬಿಡಿಸಿದರು ಎಂದೇ ಹೇಳಬೇಕು. ಹೆರಿಗೆ ರಜೆ ಇಪ್ಪತ್ತಾರು ವಾರ ಎಂದು ಕಾನೂನು ತಿದ್ದುಪಡಿ ಆದದ್ದು ಅದೇ 2017ರಲ್ಲಿ. ಅವಳಿಗದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ. ಅವಳ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇನ್ನೊಂದು ಘಟನೆ 2021ರ ಫೆಬ್ರವರಿಯದ್ದು. ಮಹಿಳಾ ದಿನಕ್ಕೆಂದು ನಮ್ಮ ಮಳಿಗೆಯಲ್ಲೇ ಜಾಹೀರಾತು ಶೂಟಿಂಗ್ ಇಟ್ಟರು. ಅಂಗಡಿ ಮುಚ್ಚಿದ ಮೇಲೆ ರಾತ್ರಿಯ ಕೆಲಸ. ಧಣಿಯ ಪಾತ್ರದವರು ಮಗನ ಬದಲು ಮಗಳ ಕೈಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಡುವುದು, ಅದೇ ಕತೆ. ಒಳ್ಳೆಯ ಕತೆ. ನಮ್ಮಲ್ಲಿ ಏಳೆಂಟು ಮಂದಿಯನ್ನು ನಿಲ್ಲಿಸಿಕೊಂಡಿದ್ದರು. ಯೂನಿಫಾರ್ಮ್ ಸೀರೆಯಲ್ಲಿ ಹಿಂದೆ ನಿಂತು ಚಪ್ಪಾಳೆ ತಟ್ಟಿ ನಗಬೇಕಿತ್ತು. ಮಗಳ ಪಾತ್ರ ಮಾಡಿದ ಹುಡುಗಿ ಉಡುಪಿ ಕಡೆಯವಳು, ಬಹಳ ಒಳ್ಳೆಯವಳು. ಒಂದು ಶಾಟ್ ಮುಗಿದು ಇನ್ನೊಂದಕ್ಕೆ ಲೈಟ್ ಹೊಂದಿಸುವ ಹೊತ್ತಿಗೆ ಅವಳಿಗೆ ಕೂರಲು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದರು. ಅವಳು ನಮ್ಮ ಕಡೆ ನೋಡಿ, ‘ಅಕ್ಕ, ನೀವು ಬೆಳಿಗ್ಗೆಯಿಂದ ನಿಂತಿದ್ದೀರಲ್ಲ, ಕೂತುಕೊಳ್ಳಿ’ ಎಂದು ಎದ್ದಳು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕೂರಲು ಯಾರಿಗೂ ಧೈರ್ಯ ಬರಲಿಲ್ಲ.

ಶೂಟಿಂಗಿನವರು ಹೋಗುವಾಗ ಆ ಕುರ್ಚಿಯನ್ನು ಮರೆತು ಹೋದರು. ಬೆಳಿಗ್ಗೆ ಬಂದಾಗ ಅದು ನಮ್ಮ ಕೌಂಟರಿನ ಹಿಂದೆ, ಕ್ಯಾಮೆರಾ ಕಾಣದ ಕಂಬದ ಮರೆಯಲ್ಲಿತ್ತು. ಎರಡು ದಿನ ಇತ್ತು. ಆ ಎರಡು ದಿನ ನಾವು ಸರದಿ ಹಾಕಿಕೊಂಡು ಕೂತೆವು. ಒಬ್ಬೊಬ್ಬರಿಗೆ ಐದು ನಿಮಿಷ. ಮೊದಲು ಮುಟ್ಟಾದವರಿಗೆ, ಆಮೇಲೆ ವಯಸ್ಸಾದವರಿಗೆ, ಆಮೇಲೆ ಉಳಿದವರಿಗೆ. ಯಾರೂ ಒಂದು ನಿಮಿಷ ಹೆಚ್ಚು ಕೂರಲಿಲ್ಲ. ಕೂತವಳು ಪಾದವನ್ನು ಚಪ್ಪಲಿಯಿಂದ ಹೊರಗೆ ತೆಗೆದು ತಣ್ಣಗಿನ ಟೈಲ್ಸಿನ ಮೇಲೆ ಇಡುತ್ತಿದ್ದಳು. ಆ ಎರಡು ದಿನವೂ ವ್ಯಾಪಾರ ಎಂದಿನಷ್ಟೇ ಆಯಿತು. ನಮ್ಮ ಇನ್ಸೆಂಟಿವ್ ಪುಸ್ತಕದಲ್ಲಿ ಅದು ಇತ್ತು. ಮೂರನೇ ದಿನ ಕುರ್ಚಿ ಇರಲಿಲ್ಲ. ಗೋಡೌನಿಗೆ ಹೋಯಿತು ಎಂದರು. ಮಾರ್ಚ್ ಎಂಟಕ್ಕೆ ಜಾಹೀರಾತು ಬಂತು. ಸಾವಿರಾರು ಮಂದಿ ಅದನ್ನು ಹಂಚಿಕೊಂಡರು, ನಾನೂ ಸ್ಟೇಟಸ್ ಹಾಕಿದೆ. ಕೊನೆಯ ಚಿತ್ರದಲ್ಲಿ ಎಡಬದಿಯಿಂದ ಮೂರನೆಯವಳು ನಾನು, ನಗುತ್ತಿದ್ದೇನೆ. ಆ ನಗು ಸುಳ್ಳಲ್ಲ. ಆ ಹುಡುಗಿಯ ಕೈಗೆ ಬೀಗದ ಕೈ ಬಂದಾಗ ನಿಜಕ್ಕೂ ಸಂತೋಷವಾಗಿತ್ತು.

ಅದೇ ವರ್ಷದ ಕೊನೆಗೆ ನನ್ನ ಎಡಗಾಲಿನ ನರಗಳು ಗಂಟುಗಂಟಾಗಿ, ವೆರಿಕೋಸ್ ಎಂದು ಆಪರೇಶನ್ ಆಯಿತು. ಬಹಳ ಹೊತ್ತು ನಿಲ್ಲುವ ಕೆಲಸ ಬಿಡಬೇಕು ಎಂದು ಡಾಕ್ಟರು ಹೇಳಿದರು. ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ‘ನೀನಾದರೂ ಎಸಿಯೊಳಗೆ ಕೆಲಸ ಮಾಡುತ್ತೀ’ ಎಂದು ಹೆಮ್ಮೆಪಡುತ್ತಿದ್ದಳು. ಆಪರೇಶನ್ ಆದ ಕಾಲಿಗೆ ಎಣ್ಣೆ ಸವರುತ್ತ, ‘ನಾನಾದರೂ ಚಾಪೆಯಲ್ಲಿ ಕೂತು ಕಟ್ಟಿದೆ’ ಎಂದಳು.

ಸಂಬಳದ ಮಾತನ್ನೂ ಮುಚ್ಚಿಡುವುದಿಲ್ಲ. ನನಗಿಂತ ನಾಲ್ಕು ವರ್ಷ ಆಮೇಲೆ ಸೂಟಿಂಗ್ ವಿಭಾಗಕ್ಕೆ ಸೇರಿದ ಹುಡುಗನಿಗೆ ತಿಂಗಳಿಗೆ ನನಗಿಂತ ಒಂದೂವರೆ ಸಾವಿರ ಹೆಚ್ಚಿತ್ತು. ನಾನು ಸೀರೆ ತೋರಿಸುತ್ತಿದ್ದೆ, ಅವನು ಪ್ಯಾಂಟ್ ಪೀಸು. ಕೇಳಿದ್ದಕ್ಕೆ ‘ಅವನು ನಾಳೆ ಸಂಸಾರ ಸಾಕಬೇಕಲ್ಲ’ ಎಂದರು. ನಾನು ಆಗಲೇ ಸಂಸಾರ ಸಾಕುತ್ತಿದ್ದೆ. ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ವೇತನ ಎಂದು ಈ ದೇಶ ಕಾನೂನು ಮಾಡಿದ್ದು 1976ರಲ್ಲಿ. ಆಗ ನಾನು ಹುಟ್ಟಿಯೂ ಇರಲಿಲ್ಲ.

ನೀವು ಹೇಳಬಹುದಾದ ಉತ್ತರಗಳೂ ನನಗೆ ಗೊತ್ತು, ಹನ್ನೊಂದು ವರ್ಷ ಕೇಳಿದ್ದೇನೆ. ಗಿರಾಕಿಯ ಎದುರು ಕೂತರೆ ಅಗೌರವ ಎನ್ನುತ್ತೀರಿ. ಬ್ಯಾಂಕಿನವರು ಕೂತೇ ದುಡ್ಡು ಎಣಿಸಿ ಕೊಡುತ್ತಾರೆ, ನಮಗೆ ಅಗೌರವ ಆಯಿತು ಎಂದು ಯಾರೂ ಹೇಳಿದ್ದಿಲ್ಲ. ಅಷ್ಟೇಕೆ, ನಾನು ಸಣ್ಣವಳಿರುವಾಗ ಅಜ್ಜಿಯ ಜೊತೆ ರಥಬೀದಿಯ ಜವಳಿ ಅಂಗಡಿಗೆ ಹೋಗುತ್ತಿದ್ದೆ. ಬಿಳಿ ಹೊದಿಕೆ ಹಾಸಿದ ಗಾದಿ. ಧಣಿಯೂ ಅದರ ಮೇಲೆ, ಸೀರೆ ಬಿಡಿಸುವ ಗುಮಾಸ್ತರೂ ಅದರ ಮೇಲೆ, ಅಂಚಿನಲ್ಲಿ ಅಜ್ಜಿ. ಎಲ್ಲರೂ ಕೂತೇ ವ್ಯಾಪಾರ. ಅಜ್ಜಿಗೆ ಅವರು ಕೊಟ್ಟ ಗೌರವದಲ್ಲಿ ಏನೂ ಕಡಿಮೆ ಇರಲಿಲ್ಲ. ನಿಮ್ಮಲ್ಲಿ ಕೆಲವರ ತಂದೆ, ಅಜ್ಜಂದಿರೇ ಆ ಗಾದಿಯ ಮೇಲೆ ಕೂತಿದ್ದಿರಬಹುದು. ನಿಂತೇ ಮಾರಬೇಕು ಎಂಬುದು ನಮ್ಮ ಕಸುಬಿನ ಹಳೆಯ ಪದ್ಧತಿಯಲ್ಲ.

ಕೇರಳ ಶುರುವಾಗುವ ತಲಪಾಡಿ ಗಡಿ ಮಂಗಳೂರಿನಿಂದ ಎಷ್ಟು ದೂರ? ನನ್ನ ತಂಗಿಯನ್ನು ಗಡಿಯಾಚೆಯ ಉಪ್ಪಳಕ್ಕೆ ಕೊಟ್ಟಿದೆ. ಅವಳು ಕಾಸರಗೋಡಿನ ಜವಳಿ ಅಂಗಡಿಯಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಾಳೆ. ಅವಳ ಕೌಂಟರಿನ ಹಿಂದೆ ಸ್ಟೂಲ್ ಇದೆ. ಗಿರಾಕಿ ಇಲ್ಲದಾಗ ಕೂರುತ್ತಾಳೆ, ಬಂದಾಗ ಏಳುತ್ತಾಳೆ. ಏಕೆಂದರೆ 2018ರಲ್ಲಿ ಕೇರಳ ಸರ್ಕಾರ ಅಂಗಡಿಗಳ ಕಾನೂನಿಗೆ ತಿದ್ದುಪಡಿ ತಂದು, ಕೆಲಸದ ನಡುವೆ ಕೂರಲು ವ್ಯವಸ್ಥೆ ಇರಲೇಬೇಕು ಎಂದಿತು. ಅದು ಸುಮ್ಮನೆ ಬಂದದ್ದಲ್ಲ. ಕೋಝಿಕ್ಕೋಡಿನ ಮಿಠಾಯಿ ತೆರುವು ಎಂಬ ಬೀದಿಯ ಅಂಗಡಿ ಹೆಂಗಸರು ವರ್ಷಗಟ್ಟಲೆ ಹೋರಾಡಿದ್ದರು. ಮೊದಲು ಕೇಳಿದ್ದು ಟಾಯ್ಲೆಟ್, ಆಮೇಲೆ ಕೂರುವ ಹಕ್ಕು. ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿ ಅವರನ್ನು ಒಟ್ಟುಗೂಡಿಸಿದ ಪಿ. ವಿಜಿ ನನ್ನ ಹಾಗೆ ಹೊಲಿಗೆ ಮಾಡುತ್ತಿದ್ದವರು. 2018ರಲ್ಲಿ ಬಿಬಿಸಿ ಲೋಕದ ನೂರು ಹೆಂಗಸರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿತು. ಮೂರು ವರ್ಷದ ನಂತರ, 2021ರಲ್ಲಿ, ತಮಿಳುನಾಡೂ ಅಂಥದ್ದೇ ಕಾನೂನು ಮಾಡಿತು. ನೇತ್ರಾವತಿ ಸೇತುವೆ ದಾಟಿ ಅರ್ಧ ಗಂಟೆ ಹೋದರೆ ತಂಗಿಗೆ ಸಿಗುವುದು ಅಕ್ಕನಿಗೆ ಏಕೆ ಸಿಗಬಾರದು? ಸ್ಟೂಲ್ ಇಡಲು ನೀವು ಬೆಂಗಳೂರಿನ ಆದೇಶಕ್ಕೆ ಕಾಯಬೇಕಾಗಿಲ್ಲ. ಇಡಬಾರದು ಎಂದು ಯಾವ ಕಾನೂನೂ ಹೇಳಿಲ್ಲ.

ಕೇಳುವುದು ಇಷ್ಟೇ. ಕೌಂಟರಿನ ಹಿಂದೆ ಇಬ್ಬರಿಗೆ ಒಂದರಂತೆ ಸ್ಟೂಲ್ ಇಡಿಸಿ, ಅದರ ಮೇಲೆ ಕೂತದ್ದಕ್ಕೆ ಫೈನ್ ಹಾಕಬೇಡಿ. ಬಸುರಿಯರಿಗೆ, ಮುಟ್ಟಾದವರಿಗೆ ಅದನ್ನು ಮೊದಲು ಬಿಟ್ಟುಕೊಡಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟಾಯ್ಲೆಟಿಗೆ ಹೋಗಲು ಅಪ್ಪಣೆ ಕೇಳುವ ಪದ್ಧತಿ ನಿಲ್ಲಿಸಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ. ಐದು ಗಂಟೆ ದುಡಿದರೆ ಒಂದು ಗಂಟೆ ವಿರಾಮ ಎನ್ನುತ್ತದೆ. ಅರ್ಧ ಗಂಟೆಯಲ್ಲಿ ಊಟ ಮುಗಿಸಿ ಓಡಿ ಬರುವ ಹೆಂಗಸರಿಗೆ ಆ ಒಂದು ಗಂಟೆಯನ್ನು ಕೊಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಹೆಂಗಸಿನ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾನೂನು ಹೇಳುತ್ತದೆ. ಅದರ ಸದಸ್ಯರು ಯಾರು ಎಂದು ನಾವು ಊಟ ಮಾಡುವ ಕೋಣೆಯ ಗೋಡೆಗೆ ಹಚ್ಚಿ. ಹನ್ನೊಂದು ವರ್ಷದಲ್ಲಿ ನಾನು ಅಂಥ ಒಂದು ಹಾಳೆ ನೋಡಿಲ್ಲ. ಸೀರೆಗೂ ಪ್ಯಾಂಟ್ ಪೀಸಿಗೂ ಒಂದೇ ಸಂಬಳ ಮಾಡಿ. ಮದುವೆ ಕೌಂಟರಿಗೆ ಬಣ್ಣ ನೋಡದೆ ಕೆಲಸ ನೋಡಿ ಆರಿಸಿ.

ಜಾಹೀರಾತು ಬರೆಯುವವರಲ್ಲಿ, ಚಿತ್ರ ತೆಗೆಯುವವರಲ್ಲಿ ಬೇರೆಯೇ ಒಂದು ಕೋರಿಕೆ. ಹೆಣ್ಣಿಗೆ ಇಂಥದ್ದೇ ಕೆಲಸ ಎಂಬಂತೆ ತೋರಿಸಬಾರದು ಎಂದು ಆಸ್ಕಿ 2022ರ ಜೂನ್‌ನಲ್ಲಿ ನಿಮಗೆ ಸೂತ್ರಗಳನ್ನು ಕೊಟ್ಟಿದೆ, ನೀವು ಓದಿರುತ್ತೀರಿ. ಅದು ತೆರೆಯ ಮೇಲಿನ ಹೆಣ್ಣಿನ ವಿಷಯ. ತೆರೆಯ ಹಿಂದಿನವಳನ್ನೂ ಸ್ವಲ್ಪ ನೋಡಿ. ಉಳ್ಳಾಲದ ರಾಣಿ ಅಬ್ಬಕ್ಕ 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ್ದನ್ನು ನೀವು ಹೆಮ್ಮೆಯಿಂದ ಬಳಸುತ್ತೀರಿ. ಆಸ್ತಿ ತಾಯಿಯ ಕಡೆಯ ಸಂತತಿಯಲ್ಲಿ ಸಾಗುತ್ತಿದ್ದ ಅಳಿಯಕಟ್ಟಿನ ನಾಡು ಎಂದು ಬರೆಯುತ್ತೀರಿ. ಶಂಕರಪುರದ ಮಲ್ಲಿಗೆಯನ್ನು ಮಾಡೆಲಿನ ಮುಡಿಗೆ ಮುಡಿಸುತ್ತೀರಿ. ಮುಂದಿನ ಮಾರ್ಚಿಗೆ ಕತೆ ಹುಡುಕುವಾಗ ಆ ಮಲ್ಲಿಗೆ ಕಟ್ಟಿದವಳ, ಸೀರೆ ಮಡಚುವವಳ ಹತ್ತಿರ ಹತ್ತು ನಿಮಿಷ ಮಾತಾಡಿ. ಮಾಲೀಕರು ಸ್ಕ್ರಿಪ್ಟ್ ಒಪ್ಪಿದ ದಿನ, ‘ಸಾರ್, ನಿಮ್ಮ ಫ್ಲೋರಿನಲ್ಲಿ ಸ್ಟೂಲ್ ಇದೆಯಾ?’ ಎಂದು ಒಂದು ಮಾತು ಕೇಳಿ. ನಾವು ಕೇಳಿದರೆ ಕೆಲಸ ಹೋಗುತ್ತದೆ. ನೀವು ಕೇಳಿದರೆ ಅವರು ಯೋಚಿಸುತ್ತಾರೆ.

ಇದನ್ನು ಓದಿ ‘ಇನ್ನು ಮಹಿಳಾ ದಿನದ ಜಾಹೀರಾತೇ ಬೇಡ’ ಎಂದು ಮಾತ್ರ ದಯವಿಟ್ಟು ತೀರ್ಮಾನಿಸಬೇಡಿ. ಪಂಪ್‌ವೆಲ್‌ನ ಆ ಹೋರ್ಡಿಂಗನ್ನು ಬಸ್ಸಿನಿಂದ ನೋಡಿದ ಯಾವುದೋ ಅಪ್ಪನ ಮನಸ್ಸಿನಲ್ಲಿ ಏನೋ ಒಂದು ಕದಲಿರುತ್ತದೆ, ನಮ್ಮ ಮನೆಯವರಿಗೆ ಆದ ಹಾಗೆ. ಅದು ಇರಲಿ, ಇನ್ನೂ ದೊಡ್ಡದಾಗಿ ಹಾಕಿ.

ಬರುವ ಮೇ ತಿಂಗಳಲ್ಲಿ ತಂಗಿಯ ದೊಡ್ಡ ಮಗಳ ಮದುವೆ. ಉಪ್ಪಳದಿಂದಲೂ ತೊಕ್ಕೊಟ್ಟಿನಿಂದಲೂ ಇಪ್ಪತ್ತೈದು ಮಂದಿ ಜವಳಿ ತೆಗೆಯಲು ಮಂಗಳೂರಿಗೇ ಬರುತ್ತೇವೆ. ಕಾಸರಗೋಡಿನಲ್ಲೇ ತೆಗೆಯಬಹುದು ಎಂದು ತಂಗಿ ಹೇಳಿದರೂ, ಮಂಗಳೂರಿನಲ್ಲಿ ತೆಗೆದರೇ ತೃಪ್ತಿ ಎಂದು ಹುಡುಗಿಯ ಹಟ. ಮದುವೆ ಕೌಂಟರಿನ ಎದುರು ನಮಗೆಲ್ಲ ಕುರ್ಚಿ ಹಾಕಿಸುತ್ತೀರಿ, ಜ್ಯೂಸ್ ಕೊಡುತ್ತೀರಿ, ಗೊತ್ತು. ನಾನು ಕೂರುವ ಮೊದಲು ಸೀರೆ ತೋರಿಸುವ ಹುಡುಗಿಗೆ, ‘ಮಗಳೇ, ನೀನೂ ಕೂತುಕೊಂಡೇ ತೋರಿಸು, ನಮಗೇನೂ ಅವಸರ ಇಲ್ಲ’ ಎನ್ನುತ್ತೇನೆ. ಆಗ ಅವಳು ಫ್ಲೋರ್ ಮ್ಯಾನೇಜರ್ ಇರುವ ಕಡೆ ತಿರುಗಿ ನೋಡದೆ ಕೂರುವ ಹಾಗೆ, ಮೇ ತಿಂಗಳ ಒಳಗೆ ಒಂದು ಸ್ಟೂಲ್ ತರಿಸಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ಹನ್ನೊಂದು ವರ್ಷ ಸೀರೆ ಕೌಂಟರಿನಲ್ಲಿದ್ದವಳು
ತೊಕ್ಕೊಟ್ಟು, ಮಂಗಳೂರು